ಪೈಲ್ವಾನನ ಖುರಾಕು ತಿಂದದ್ದು ಯಾರು

ಬೆಣ್ಣೆ ಕಾಯಿಸುವ ವಾಸನೆ ಬಂತೆಂದರೆ ನಾನು ಈಗಲೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಹೊರಗೆ ಹೋಗುತ್ತೇನೆ. ಊಟಕ್ಕೆ ಕರೆದವರಿಗೆ ಬೇಸರವಾಗುತ್ತದೆ. ಆಗಲಿ. "ಒಂದ್ ಚಮಚಾ ಹಾಕ್ಕೋರಿ, ಮನಿ ತುಪ್ಪ" ಎಂದು ತಟ್ಟೆಯ ಮೇಲೆ ಬಗ್ಗಿದವರ ಕೈಯನ್ನು ಹಿಡಿದು ಹಿಂದಕ್ಕೆ ತಳ್ಳಿದ್ದೂ ಉಂಟು. ತುಪ್ಪ ಬಡಿಸಿದರೇ ಮರ್ಯಾದೆ ಎನ್ನುವ ಸೀಮೆಯಲ್ಲಿ ನನ್ನಂಥವಳಿಗೆ ಮೊಂಡಿ ಎಂಬ ಹೆಸರು ಬರುವುದು ಸಹಜ. ಅದಕ್ಕಿಂತ ಕೆಟ್ಟ ಹೆಸರೊಂದನ್ನು ನಾನು ಹೊತ್ತು ಬದುಕಿದ್ದೇನೆ, ಅದೂ ಇದೇ ತುಪ್ಪದಿಂದಲೇ.

ನಿಜಾಮನ ಕಾಲ. ಮುಕ್ಕುಂದದಿಂದ ನನ್ನನ್ನು ಮಸ್ಕಿಗೆ ಕೊಟ್ಟರು. ನನ್ನ ಗಂಡ ಮಸ್ಕಿಯ ಗರಡಿಯ ಪೈಲ್ವಾನ. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದ ಆಳು, ಮಾತು ಮಾತ್ರ ಮೆತ್ತಗೆ. ಮೊಹರಮ್ ಮುಗಿದ ಮೇಲೆ ಮುದಗಲ್ಲಿನಲ್ಲಿ ಕುಸ್ತಿ ಗೆದ್ದು ಬೆಳ್ಳಿ ಕಡಗ ಹಾಕಿಸಿಕೊಂಡು ಬಂದ ವರ್ಷವೇ ನಮ್ಮ ಮದುವೆಯಾದದ್ದು. ಗೆದ್ದ ಪೈಲ್ವಾನನಿಗೆ ಊರೇ ಖುರಾಕು ಕೊಡಬೇಕು ಎಂಬುದು ನಮ್ಮ ಕಡೆಯ ರೂಢಿ. ಖುರಾಕು ಎಂದರೆ ಕುಸ್ತಿಯಾಳಿನ ಮೈ ಬೆಳೆಸುವ ತಿನಿಸು. ಇಂದು ಈ ಮನೆಯ ಹಾಲು, ನಾಳೆ ಆ ಮನೆಯ ತುಪ್ಪ, ಅಂಗಡಿಯವರಿಂದ ಬಾದಾಮಿ, ಉತ್ತತ್ತಿ, ಕಲ್ಲುಸಕ್ಕರೆ. ನಮ್ಮದು ಲಿಂಗಪೂಜೆಯ ಮನೆ, ಮಾಂಸ ಮೊಟ್ಟೆ ಹೊಸಿಲು ದಾಟುವಂತಿರಲಿಲ್ಲ. ಹಾಗಾಗಿ ಅದರ ಲೆಕ್ಕವನ್ನೂ ಹಾಲು ತುಪ್ಪದಲ್ಲೇ ತುಂಬಿಸುತ್ತಿದ್ದರು. ನನ್ನ ಗಂಡ ಅವನ್ನೆಲ್ಲ ಕುಡಿದು ಬೆವರಿದರೆ ಆ ಬೆವರೂ ತುಪ್ಪದ ವಾಸನೆ ಬರುತ್ತಿತ್ತು.

ಖುರಾಕು ಊರಿನದಾದ್ದರಿಂದ ಪೈಲ್ವಾನನೂ ಊರಿನವನೇ. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ನನ್ನ ಗಂಡನ ತೋಳು ಹಿಚುಕಿ ನೋಡಬಹುದಿತ್ತು, ಎತ್ತು ಕೊಳ್ಳುವವರು ನೋಡುವ ಹಾಗೆ. ಅವರು ನಗುತ್ತಾ ನಿಲ್ಲುತ್ತಿದ್ದರು. ಅಡುಗೆಮನೆಯ ಗೂಡಿನ ಕೀಲಿ ಅತ್ತೆಯ ಸೊಂಟದಲ್ಲಿ. ಬಾದಾಮಿ ಅರೆಯುವುದೂ ಅವರೇ, ತುಪ್ಪ ಅಳೆಯುವುದೂ ಅವರೇ. ನನ್ನ ಪಾಲಿಗೆ ಪಾತ್ರೆ ತಿಕ್ಕುವುದು. ಜಿಡ್ಡು ಹತ್ತಿದ ಆ ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕುತ್ತಾ ನಾನೂ ಹೆಮ್ಮೆಪಡುತ್ತಿದ್ದೆ. ಪೈಲ್ವಾನನ ಹೆಂಡತಿ ಅಂದರೆ ಸಾಮಾನ್ಯವೇ!

ಮೊದಲು ಕಂಡದ್ದು ದನದ ಕೊಟ್ಟಿಗೆಯ ಹಿಂದಿನ ಹಾಸುಗಲ್ಲಿನ ಮೇಲೆ. ಅವರು ಮೂತ್ರಕ್ಕೆ ಹೋಗಿ ಬಂದಿದ್ದರು, ನಾನು ಸಗಣಿ ಬಳಿಯಲು ಹೋದೆ. ಕಲ್ಲು ಕೆಂಪಾಗಿತ್ತು. ಎಲೆ ಅಡಿಕೆ ಉಗಿದಿದ್ದಾರೆ ಎಂದುಕೊಂಡೆ, ಆದರೆ ಅವರು ಎಲೆ ಹಾಕುವವರಲ್ಲ. ಕೇಳಿದೆ.

"ಉಷ್ಣಕ್ಕ ಹಂಗ ಆಗ್ತೈತಿ ಬಿಡು. ನೋವಿಲ್ಲ, ಏನಿಲ್ಲ" ಎಂದರು.

ಕೆಲವು ದಿನ ಮೂತ್ರ ತಿಳಿಯಾಯಿತು. ಮತ್ತೆ ಕೆಂಪಾಯಿತು. ಅತ್ತೆ ಗರಡಿಯ ವಸ್ತಾದರನ್ನು ಕರೆಸಿದರು. ವಸ್ತಾದ ಅಂದರೆ ಗರಡಿಯ ಗುರು. ಮೀಸೆಗೂ ತುಪ್ಪ ಸವರಿಕೊಳ್ಳುತ್ತಿದ್ದ ಆ ಮನುಷ್ಯ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ತೀರ್ಪು ಕೊಟ್ಟ.

"ಬಾದಾಮಿ ಉಷ್ಣ ಮಾಡೈತಿ. ತುಪ್ಪ ತಂಪು. ತುಪ್ಪ ಹೆಚ್ಚ ಮಾಡ್ರಿ."

ಹೆಚ್ಚು ಮಾಡಿದರು. ಕಲ್ಲುಸಕ್ಕರೆಯನ್ನೂ ಹೆಚ್ಚು ಮಾಡಿದರು. ಅಷ್ಟು ತಿಂದರೂ ಅವರ ತೊಡೆಗಳು ಕರಗತೊಡಗಿದವು. ಲಂಗೋಟಿ ಸಡಿಲವಾಗಿ ಎರಡು ಸುತ್ತು ಹೆಚ್ಚಿಗೆ ಬಿಗಿಯಬೇಕಾಯಿತು. ಎಣ್ಣೆ ತಿಕ್ಕುವಾಗ ಬೆನ್ನಿನ ಎಲುಬು ನನ್ನ ಕೈಗೆ ಸಿಗುತ್ತಿತ್ತು. ಮುಖ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. ಬೀದಿಯವರು ಆ ಮುಖ ನೋಡಿ, "ರಕ್ತ ಎಷ್ಟ್ ಏರ್ಯಾದ ನೋಡ್ರಿ ನಮ್ಮ ಪೈಲ್ವಾನಗ!" ಎನ್ನುತ್ತಿದ್ದರು. ಅದೇ ಜನ ತೋಳು ಹಿಚುಕಿದಾಗ ಮಾತು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

ಯಾಕೆ ನೋಡುತ್ತಿದ್ದರು ಎಂಬುದು ವಸ್ತಾದನ ಎರಡನೆಯ ತೀರ್ಪಿನಲ್ಲಿ ತಿಳಿಯಿತು. ಕಟ್ಟೆಯ ತುಂಬ ಗಂಡಸರು. ನಾನು ಬಾಗಿಲ ಹಿಂದೆ. ಆತ ಅತ್ತೆಯನ್ನು ಕೇಳಿದ, "ಯವ್ವಾ, ಗಂಡಾ ಹೆಂಡ್ತಿ ಒಂದ ಕ್ವಾಣ್ಯಾಗ ಮಲಗ್ತಾರೇನು?"

"ಹೌದ್ರಿ" ಎಂದರು ಅತ್ತೆ.

"ಅಲ್ಲೈತಿ ನೋಡ್ರಿ. ಹೆಣ್ಣಿನ ಸಂಗ ಮಾಡಿದಾಂವನ ಮೈಯಾಗ ಖುರಾಕು ನಿಲ್ಲಂಗಿಲ್ಲ. ನೀವು ಹಾಕಿದ್ದೆಲ್ಲಾ ಆಕಿ ಹೀರಾಕತ್ತಾಳ."

ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬ, "ವಾರದಾಗ ಎಷ್ಟ್ ಸಲ, ಕೇಳ್ರಿ" ಎಂದ. ನನ್ನ ಗಂಡ ಅಲ್ಲೇ ಕುಳಿತಿದ್ದರು, ಅವರ ಕೆಂಪು ಮುಖ ಇನ್ನೂ ಕೆಂಪಾಯಿತು, ಆದರೆ ಏಳಲಿಲ್ಲ. ಗುರುವಿನೆದುರು ಏಳುವ ಹಾಗಿಲ್ಲವಂತೆ. ಆ ಕಟ್ಟೆಯ ಮೇಲಿದ್ದ ಒಬ್ಬೊಬ್ಬರ ಮುಖವೂ ನನಗೆ ನೆನಪಿದೆ. ನಮ್ಮ ಹಾಸಿಗೆಯ ಮಾತನ್ನು ಬಾಯಲ್ಲಿ ಬೆಲ್ಲದ ಚೂರಿನಂತೆ ಹೊರಳಿಸಿಕೊಂಡು ಕುಳಿತಿದ್ದ ಆ ಬಾಯಿಗಳನ್ನು ನೆನೆದರೆ ಇವತ್ತಿಗೂ ಉಗುಳಬೇಕೆನಿಸುತ್ತದೆ. ಅಂದಿನಿಂದ ನನ್ನ ಗಂಡ ಗರಡಿಯಲ್ಲೇ ಮಲಗತೊಡಗಿದರು.

ಮಲಗಿದರೂ ಮೈ ನಿಲ್ಲಲಿಲ್ಲ. ನಾನು ಹೀರುವ ದಾರಿ ಮುಚ್ಚಿದ ಮೇಲೂ ಪೈಲ್ವಾನ ಒಣಗುತ್ತಾನೆಂದರೆ? ವಸ್ತಾದ ತನ್ನ ಮಾತು ತಪ್ಪಿತೆಂದು ಒಪ್ಪುವನೇ! ಖುರಾಕು ಅವನ ಹೊಟ್ಟೆ ಸೇರುತ್ತಲೇ ಇಲ್ಲ ಎಂದ. ಹಾಗಾದರೆ ಎಲ್ಲಿಗೆ ಹೋಗುತ್ತದೆ? ಮುಕ್ಕುಂದಕ್ಕೆ. ನನ್ನ ತೌರಿಗೆ.

ಈ ಮಾತು ಹುಟ್ಟಿದ ಸಂಜೆಯೇ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಸೆರಗು ಝಾಡಸು" ಎಂದರು. ನನಗೆ ಅರ್ಥವಾಗಲಿಲ್ಲ. ಅವರೇ ಸೆರಗು ಹಿಡಿದು ಕೊಡವಿದರು, ಕುಪ್ಪಸದ ಮೇಲೆ ಕೈಯಾಡಿಸಿದರು, ಉಡಿಯೊಳಗೆ ಬೆರಳು ಹಾಕಿ ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದದ್ದೇ ನನ್ನ ಜಾಣತನಕ್ಕೆ ಸಾಕ್ಷಿಯಾಯಿತು. ಅಂದಿನಿಂದ ಅಡುಗೆಮನೆ ಬಿಡುವಾಗಲೆಲ್ಲ ಸೆರಗು ಕೊಡವಿ ಹೋಗುವುದು ನನ್ನ ಪದ್ಧತಿಯಾಯಿತು. ಅಣ್ಣ ಬಂಡಿ ಕಟ್ಟಿಕೊಂಡು ನನ್ನನ್ನು ನೋಡಲು ಬಂದಾಗ ಅವನ ಚೀಲವನ್ನೂ ಬೀದಿಯಲ್ಲಿ ಸುರುವಿಸಿದರು. ಶೇಂಗಾ, ಒಂದು ಧೋತರ, ನನಗೆಂದು ತಂದಿದ್ದ ಬಳೆ. ಬಳೆಗಳು ಧೂಳಿನಲ್ಲಿ ಬಿದ್ದು ಒಡೆದವು. ಅಣ್ಣ ಮತ್ತೆ ಆ ಊರಿಗೆ ಕಾಲಿಡಲಿಲ್ಲ. ಹೆಂಗಸರು ನನ್ನನ್ನು ಬಾವಿಯ ಹತ್ತಿರ "ತುಪ್ಪದ ಕಳ್ಳಿ" ಎಂದು ಕರೆಯತೊಡಗಿದರು. ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ಒಂದು ದಿನ ನನ್ನ ಗಂಡ ಸ್ನಾನಕ್ಕೆ ಮನೆಗೆ ಬಂದವರು ಬಚ್ಚಲಲ್ಲಿ ನನ್ನ ಕೈ ಹಿಡಿದು ಎಡ ಪಕ್ಕೆಯ ಕೆಳಗೆ ಇಟ್ಟರು.

"ಇಲ್ಲಿ ಮುಟ್ಟು. ಉಸಿರು ತಕ್ಕೊಂಡ್ರ ಇದೂ ಸರೀತೈತಿ ನೋಡು."

ಸರಿಯುತ್ತಿತ್ತು. ಅವರ ಮೈಯೆಲ್ಲ ಸಡಿಲಾಗಿ ಜೋತಿತ್ತು, ಅದೊಂದು ಮಾತ್ರ ಗಟ್ಟಿಯಾಗಿ, ಕೊಬ್ಬಿ, ದುಂಡಗೆ ಕುಳಿತಿತ್ತು. ನಾನು ಕೈ ಕಿತ್ತುಕೊಂಡೆ.

"ಲಿಂಗಸುಗೂರ ದವಾಖಾನಿಗೆ ಹೋಗೂಣ್ರಿ" ಎಂದೆ.

"ವಸ್ತಾದರಿಗೆ ಒಂದ್ಸಲ ತೋರಿಸ್ತೀನಿ" ಎಂದರು.

ತೋರಿಸಿದರು. ನರ ಗಂಟಾಗಿದೆ, ತುಳಿದು ಸರಿಪಡಿಸುತ್ತೇನೆ ಎಂದನಂತೆ ಆತ. ಗರಡಿಯಲ್ಲಿ ಮೈ ತುಳಿಯುವುದು ಹೊಸದಲ್ಲ. ಹಗ್ಗ ಹಿಡಿದು ಬೆನ್ನ ಮೇಲೆ ನಿಂತು ಕಾಲಿನಿಂದಲೇ ಎಣ್ಣೆ ತಿಕ್ಕುತ್ತಾರೆ. ಅಂದು ಅತ್ತೆ ಕಾಯಿಸಿದ ತುಪ್ಪವನ್ನು ಗರಡಿಯ ಹೊಸಿಲವರೆಗೆ ಹೊತ್ತವಳು ನಾನು. ಹೆಣ್ಣು ಒಳಗೆ ಹೋಗುವಂತಿಲ್ಲ, ಬಾಗಿಲು ಮಾತ್ರ ತೆರೆದಿತ್ತು. ಕೆಮ್ಮಣ್ಣಿನ ಮೇಲೆ ಅವರು ಬಲಮಗ್ಗುಲಾಗಿ ಮಲಗಿದ್ದರು. ವಸ್ತಾದ ಆ ಗಂಟಿನ ಮೇಲೆ ಬಿಸಿ ತುಪ್ಪ ಸುರಿದು, ಹಿಮ್ಮಡಿ ಇಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಎಂಥೆಂಥ ಪೈಲ್ವಾನರ ಕೆಳಗೂ ಕೂಗದ ನನ್ನ ಗಂಡ ಎಳೆಗರುವಿನಂತೆ ಕೂಗಿದರು. "ಸರಿಯಾಕತ್ತೈತಿ, ಸರಿಯಾಕತ್ತೈತಿ" ಎನ್ನುತ್ತಾ ಆತ ಹಿಮ್ಮಡಿ ತಿರುವುತ್ತಿದ್ದ. ಅವನ ಕಾಲ್ಬೆರಳುಗಳ ಸಂದಿಯಿಂದ ತುಪ್ಪ ಇಳಿಯುತ್ತಿತ್ತು. ಅಂದು ಅವರ ಮೂತ್ರದಲ್ಲಿ ರಕ್ತ ಹೆಪ್ಪುಹೆಪ್ಪಾಗಿ ಬಿತ್ತು.

ಆಗ ಅತ್ತೆಯೂ ಹೆದರಿದರು. ಅಷ್ಟರಲ್ಲಿ ಕೆಮ್ಮೂ ಹತ್ತಿ ಅದರಲ್ಲೂ ರಕ್ತ ಕಾಣಿಸತೊಡಗಿತ್ತು. ಬಂಡಿ ಕಟ್ಟಿ ಲಿಂಗಸುಗೂರಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಇದು ನರವಲ್ಲ, ಮೂತ್ರಪಿಂಡದಲ್ಲಿ ಬೆಳೆದ ಕೆಟ್ಟ ಗಡ್ಡೆ ಎಂದರು. ಕೆಮ್ಮಿನಲ್ಲೂ ರಕ್ತ ಬರುತ್ತಿರುವುದರಿಂದ ಎದೆಗೂ ಹೋಗಿದೆ, ಹೈದರಾಬಾದಿಗೆ ಒಯ್ದರೂ ಫಲ ಕಡಿಮೆ ಎಂದರು. ಅತ್ತೆಗೆ ಅದೆಲ್ಲ ಕೇಳಿಸಲೇ ಇಲ್ಲ.

"ಏನ್ ತಿನ್ನಸ್ಲಿರೀ ಸಾಹೇಬ್ರ?" ಎಂದು ಕೇಳಿದರು.

"ಅವನ ಮನಸ್ಸಿಗೆ ಬಂದದ್ದು ಕೊಡಿ" ಎಂದರು ಡಾಕ್ಟರು.

ಅವರ ಮನಸ್ಸಿಗೆ ಏನೂ ಬರುತ್ತಿರಲಿಲ್ಲ. ಆದರೂ ಅತ್ತೆ ಮನೆಗೆ ಬಂದವರೇ ಬಾದಾಮಿ ನೆನೆಹಾಕಿದರು. ಅವರು "ಬ್ಯಾಡಬೇ ಯವ್ವಾ, ಬ್ಯಾಡ" ಎನ್ನುತ್ತಾ ತುಟಿ ಬಿಗಿಹಿಡಿಯುತ್ತಿದ್ದರು. ಅತ್ತೆ ದವಡೆ ಅದುಮಿ ಚಮಚ ತೂರಿಸುತ್ತಿದ್ದರು. ತುಪ್ಪ ಗಲ್ಲದಿಂದ ಇಳಿದು ಕುತ್ತಿಗೆಯ ಕುಳಿಯಲ್ಲಿ ನಿಂತು ತಣ್ಣಗಾಗಿ ಹೆಪ್ಪುಗಟ್ಟುತ್ತಿತ್ತು. ನಾನು ಒರೆಸುತ್ತಿದ್ದೆ. ಒರೆಸಿದ ಅರಿವೆಯನ್ನೂ ಅತ್ತೆ ಬಿಡಿಸಿ ನೋಡುತ್ತಿದ್ದರು.

ಜೋಳದ ಎಳೆತೆನೆ ಸುಟ್ಟು ತಿನ್ನುವ ಸೀತನಿಯ ಹೊತ್ತಿಗೆ ಅವರು ಹೋದರು. ಹೆಣದ ಮುಂದೆ ಅತ್ತೆ ನನ್ನ ಕಡೆ ಕೈ ಮಾಡಿ ಊರ ಮುಂದೆ ಅತ್ತರು: "ಊರ ಖುರಾಕು ತೌರಿಗೆ ಸಾಗಿಸಿ ನನ್ನ ಮಗನ್ನ ಒಣಗಿಸಿದ್ಯಲ್ಲಬೇ!" ಪಕ್ಕೆಯ ಗಡ್ಡೆಯನ್ನು ಮುಟ್ಟಿ ನೋಡಿದ್ದವರು ಆ ಗುಂಪಿನಲ್ಲಿ ಎಷ್ಟೋ ಜನರಿದ್ದರು. ತುಳಿದವನೂ ಇದ್ದ. ಒಬ್ಬರೂ ಬಾಯಿ ಬಿಡಲಿಲ್ಲ.

ಅಪ್ಪ ನನಗೆ ಮನೆಯಲ್ಲೇ ಓದು ಬರಹ ಕಲಿಸಿದ್ದರು. ಉರ್ದುವೂ ತಕ್ಕಮಟ್ಟಿಗೆ ಬರುತ್ತಿತ್ತು. ಕಳ್ಳಿಯೆಂಬ ಹೆಸರು ನನಗಿಂತ ಮುಂಚೆ ಮುಕ್ಕುಂದ ತಲುಪಿದ್ದರಿಂದ ಅಲ್ಲಿಯೂ ಇರಲಾಗದೆ, ಪರಿಚಯದವರ ಕೈಕಾಲು ಹಿಡಿದು ಅಪ್ಪ ನನ್ನನ್ನು ಹೈದರಾಬಾದಿನ ಒಂದು ದವಾಖಾನೆಗೆ ನರ್ಸಿನ ಕೆಲಸ ಕಲಿಯಲು ಸೇರಿಸಿದರು. ಕೀವು, ಮಲ, ವಾಂತಿ, ಎಲ್ಲವನ್ನೂ ಬಳಿದೆ. ಜೊತೆಯ ಹುಡುಗಿಯರು ಮೂಗು ಮುಚ್ಚಿ ಓಡುತ್ತಿದ್ದರು, ನನಗೆ ಅವುಗಳಿಂದ ಹೇಸಿಗೆಯಾಗಲಿಲ್ಲ. ಆ ಕಟ್ಟೆಯ ಬಾಯಿಗಳನ್ನು ಕಂಡವಳಿಗೆ ಕೀವು ಯಾವ ಲೆಕ್ಕ!

ಹೇಸಿಗೆ ಬಂದದ್ದು ಒಂದೇ ಸಲ. ಯಾರದೋ ಮೂತ್ರಪಿಂಡವನ್ನು ಗಡ್ಡೆಸಮೇತ ತೆಗೆದಿದ್ದರು. ಅದನ್ನು ತಟ್ಟೆಯಲ್ಲಿಟ್ಟು ಪರೀಕ್ಷೆಯ ಕೋಣೆಗೆ ಒಯ್ಯುವ ಕೆಲಸ ನನಗೆ ಬಿತ್ತು. ಅಲ್ಲಿಯ ಡಾಕ್ಟರಮ್ಮ ಅದನ್ನು ಚಾಕುವಿನಿಂದ ಎರಡು ಹೋಳು ಮಾಡಿದರು. ಒಳಗೆಲ್ಲ ಹಳದಿ. ಚಳಿಗಾಲದಲ್ಲಿ ಗಟ್ಟಿಯಾದ ತುಪ್ಪದ ಬಣ್ಣ, ನಡುನಡುವೆ ಕಪ್ಪು ಬೆಲ್ಲದಂಥ ರಕ್ತ. ನಾನು ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ.

ಡಾಕ್ಟರಮ್ಮ ಗದರಲಿಲ್ಲ. ಯಾಕೆಂದು ಕೇಳಿದರು. ಎಲ್ಲ ಹೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಮೈಯ ಒಂದೊಂದು ಜೀವಕೋಶವೂ ಒಂದು ಒಲೆ. ತಿಂದದ್ದು ಸಕ್ಕರೆಯಾಗಿ ಅದಕ್ಕೆ ಬರುತ್ತದೆ, ಉಸಿರಿನ ಗಾಳಿಯಿಂದ ಅದು ಪೂರ್ತಿ ಉರಿದು ಶಕ್ತಿ ಕೊಡುತ್ತದೆ. ಸ್ವಲ್ಪ ಸೌದೆಯಲ್ಲಿ ಇಡೀ ಅಡುಗೆಯಾಗುತ್ತದೆ. ಕೆಟ್ಟ ಗಡ್ಡೆಯ ಕೋಶ ಹಾಗಲ್ಲ. ಗಾಳಿ ಎಷ್ಟೇ ಇದ್ದರೂ ಸಕ್ಕರೆಯನ್ನು ಅರೆಬರೆ ಸುಟ್ಟು, ಹುಳಿ ಮಾಡಿ ಆಚೆ ಉಗುಳುತ್ತದೆ. ಅರೆ ಸುಟ್ಟರೆ ಶಕ್ತಿ ಸಾಲದು, ಅದಕ್ಕೆ ಮತ್ತೆ ಮತ್ತೆ ಸಕ್ಕರೆ ಎಳೆದುಕೊಳ್ಳುತ್ತದೆ. ಉಗುಳಿದ ಹುಳಿಯನ್ನು ಪಿತ್ತಕೋಶದ ಪಕ್ಕದ ಯಕೃತ್ತು ಕಷ್ಟಪಟ್ಟು ಮತ್ತೆ ಸಕ್ಕರೆ ಮಾಡಿ ಕಳಿಸಿದರೆ ಅದನ್ನೂ ಕಬಳಿಸುತ್ತದೆ. ಮೂತ್ರಪಿಂಡದ ಈ ಗಡ್ಡೆಯಂತೂ ಸಾಲದ್ದಕ್ಕೆ ತನ್ನ ಕೋಶಗಳ ಒಳಗೆ ಕೊಬ್ಬನ್ನು ತುಂಬಿಟ್ಟುಕೊಳ್ಳುತ್ತದೆ. ಈ ಹಳದಿ ಅದೇ.

ತೀರ ಈಚೆಗೆ ಚಿಕ್ಕ ವಯಸ್ಸಿನ ಡಾಕ್ಟರ್ ಹುಡುಗಿಯೊಬ್ಬಳು ನನಗೆ ಇನ್ನೂ ಒಂದು ಮಾತು ಹೇಳಿದಳು. ಈ ಗಡ್ಡೆಯ ಕೋಶಕ್ಕೆ ಗಾಳಿಯ ಅಳತೆ ನೋಡುವ ಗುಣವೇ ಕೆಟ್ಟಿರುತ್ತದಂತೆ. ಗಾಳಿ ಇದ್ದರೂ ಇಲ್ಲ, ಇಲ್ಲ ಎಂದು ಸುಳ್ಳು ಬೊಬ್ಬೆ ಹೊಡೆಯುತ್ತದೆ. ಅದನ್ನು ನಂಬಿ ಮೈ ಹೊಸ ರಕ್ತನಾಳ ಕಟ್ಟಿಕೊಡುತ್ತದೆ, ಕೆಲವರಲ್ಲಿ ಕೆಂಪು ರಕ್ತವನ್ನೂ ಬೇಕಾದ್ದಕ್ಕಿಂತ ಹೆಚ್ಚು ಮಾಡುತ್ತದೆ. ಅರೆ ಸುಡುವುದೂ ದಡ್ಡತನವಲ್ಲವಂತೆ, ಉಳಿದ ಅರೆಯಿಂದಲೇ ಅದು ತನ್ನ ಸಂತಾನ ಕಟ್ಟುತ್ತದೆ. ಊರವರು ಹೊಗಳಿದ್ದ ಆ ಕೆಂಪು ಮುಖ ಆಗ ನನಗೆ ನೆನಪಾಯಿತು. ಸುಳ್ಳು ಹೇಳಿ ಮೇಯುವ ಇಂಥ ನೀಚ ವಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ ಎನ್ನಬೇಕೆಂದಿದ್ದೆ, ಆದರೆ ವಸ್ತಾದನನ್ನು ಕಂಡಿದ್ದೆನಲ್ಲ.

ಅಂದು ಡಾಕ್ಟರಮ್ಮನನ್ನು ಕೇಳಿದ್ದೆ, ಖುರಾಕು ಕೊಡದೆ ಇದ್ದಿದ್ದರೆ ಗಡ್ಡೆ ಬೆಳೆಯುತ್ತಿರಲಿಲ್ಲವೇ ಎಂದು. ಅವರು ತಲೆಯಾಡಿಸಿದರು. ಬೆಳೆಯುತ್ತಿತ್ತು. ಕೊಡದಿದ್ದರೆ ನನ್ನ ಗಂಡನ ತೊಡೆಯಿಂದ, ತೋಳಿನಿಂದ ಕಿತ್ತು ತಿನ್ನುತ್ತಿತ್ತು. ತುಪ್ಪ ಕೊಟ್ಟದ್ದಕ್ಕೆ ಬಂದ ರೋಗವಲ್ಲ ಅದು.

ರಜೆ ಸಿಕ್ಕೊಡನೆ ಮಸ್ಕಿಗೆ ಹೋದೆ. ಸಮಾಧಾನ ಹೇಳಲು ಹೋದೆನೆಂದು ಯಾರೂ ತಿಳಿಯಬೇಡಿ. ನನ್ನ ಹೆಸರನ್ನು ವಾಪಸು ತರಲು ಹೋದೆ, ಅತ್ತೆಯ ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅತ್ತೆ ಬೆನ್ನು ಬಾಗಿ, ಕಣ್ಣು ಮಂಜಾಗಿ, ಒಲೆಯ ಮುಂದೆ ಬೆಣ್ಣೆ ಕಾಯಿಸುತ್ತಾ ಕುಳಿತಿದ್ದರು. ಆ ವಾಸನೆಗೆ ಒಳಗೆ ಕಾಲಿಡಲಾರದೆ ಬಾಗಿಲಲ್ಲೇ ನಿಂತು ಹೇಳಿದೆ.

"ಅತ್ತಿ, ಖುರಾಕು ನಾ ಒಯ್ದಿಲ್ಲ. ಅವರ ಪಕ್ಕಡ್ಯಾಗಿನ ಗಡ್ಡಿ ತಿಂತು. ಅಂಥಾದ್ದನ್ನ ನಾ ಕಣ್ಣಾರೆ ನೋಡೀನಿ. ಒಳಗೆಲ್ಲಾ ತುಪ್ಪದ ಬಣ್ಣ."

ಡಾಕ್ಟರಮ್ಮನ ಒಲೆಯ ಮಾತನ್ನೂ ಹೇಳಿದೆ, ಹಳದಿಯದನ್ನೂ ಹೇಳಿದೆ. ಬೆಣ್ಣೆ ಸೀಯತೊಡಗಿದರೂ ಅತ್ತೆ ಇಳಿಸಲಿಲ್ಲ. ಆಮೇಲೆ ಕೇಳಿದರು, "ಹಂಗಾರ ನಾ ಹಾಕಿದ್ದೆಲ್ಲಾ ಅದಕ್ಕ ಹಾಕಿದ್ನೇನು? ಅಂವ ಬ್ಯಾಡ ಬ್ಯಾಡ ಅಂತಿದ್ದ. ಅದು ಬೇಕಂತಿತ್ತೇನು?"

ನಾನು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಇಲ್ಲಿಗೇ ಮುಗಿದಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. "ನೀವು ಹಾಕದಿದ್ರೂ ತಿಂತಿತ್ತು. ಅವರನ್ನ ತಿಂತಿತ್ತು."

ಅತ್ತೆ ಅಳಲಿಲ್ಲ. ತಪ್ಪಾಯಿತು ಎನ್ನಲೂ ಇಲ್ಲ. ನಾನು ಹೊರಡುವಾಗ ಸೊಂಟದ ಕೀಲಿ ತೆಗೆದು ಗೂಡು ತೆರೆದರು. ಕಂಠದವರೆಗೆ ತುಪ್ಪ ತುಂಬಿದ್ದ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. ಅಂಚಿನ ತುಪ್ಪ ಅವರ ಬೆರಳಿಗೆ ಮೆತ್ತಿಕೊಂಡಿತು.

"ಒಯ್ಯಬೇ. ತೌರಿಗೆ ಒಯ್ಯಿ."

ಮುಟ್ಟಲು ಮನಸ್ಸಾಗಲಿಲ್ಲ. ಆದರೂ ಇಸಿದುಕೊಂಡೆ. ಬಂಡಿ ನಿಲ್ಲುವ ಕಡೆಗೆ ಎರಡು ದಾರಿಗಳಿದ್ದವು. ನಾನು ಗರಡಿಯ ದಾರಿ ಹಿಡಿದೆ. ಗಡಿಗೆಯನ್ನು ಸೆರಗಿನಡಿ ಮುಚ್ಚದೆ, ಬಾಯಿಗೆ ಅರಿವೆಯನ್ನೂ ಕಟ್ಟದೆ, ತಲೆಯ ಮೇಲಿಟ್ಟುಕೊಂಡು ಹಾಡಹಗಲಲ್ಲಿ ನಡೆದೆ. ವಸ್ತಾದ ಕಟ್ಟೆಯ ಮೇಲಿದ್ದ. ಸುತ್ತ ಅದೇ ಬಾಯಿಗಳು.

"ಏನಬೇ ಅದು?" ಎಂದ.

"ತುಪ್ಪರೀ. ತೌರಿಗೆ ಒಯ್ಯಾಕತ್ತೀನಿ. ನಮ್ಮತ್ತಿ ಕೊಟ್ಟಾಳ."

ಬಿಸಿಲಿಗೆ ಕರಗಿದ ತುಪ್ಪ ಗಡಿಗೆಯ ಅಂಚಿನಿಂದ ನನ್ನ ಹಣೆಯ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಸೆರಗಿಗೆ ಕೈ ಹಾಕಲಿಲ್ಲ, ಹಾಗೇ ನಡೆದೆ.